ಕೇಳಿ ತೆಗೀತೀರಾ, ಕೇಳದೆ ತೆಗೀತೀರಾ?

ಬೀದಿಯಲ್ಲಿ ಫೋಟೊ ತೆಗೆಯಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಚಿತ್ರ ನೋಡಿದವರು ಲೆನ್ಸ್ ಯಾವುದು, ಕಪ್ಪು-ಬಿಳುಪು ಯಾಕೆ ಎಂದೆಲ್ಲ ವಿಚಾರಿಸುತ್ತಾರೆ. ಆದರೆ ನಮ್ಮ ಅತ್ತೆಯಿಂದ ಹಿಡಿದು ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರವರೆಗೆ ಎಲ್ಲರೂ ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: ‘ಗುರುತಿಲ್ಲದವರ ಫೋಟೊ ತೆಗೀತೀರಲ್ಲ, ಅವರನ್ನ ಕೇಳ್ತೀರಾ?’

ಇಲ್ಲ, ತೆಗೆಯುವ ಮೊದಲು ಕೇಳುವುದಿಲ್ಲ. ತೋರಿಸುವ ಮೊದಲು ಕೇಳುತ್ತೇನೆ. ಈ ಎರಡರ ನಡುವೆಯೇ ನನ್ನ ಕೆಲಸವೆಲ್ಲ ಇರುವುದು.

ನಾನು ಹೆಚ್ಚಾಗಿ ಹೋಗುವುದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ. ಬೆಳಗಿನ ಜಾವ ಐದಕ್ಕೆ ಅಲ್ಲಿ ಸೇವಂತಿಗೆಯ ಮೂಟೆಗಳು ಬಿಚ್ಚಿಕೊಳ್ಳುತ್ತಿರುತ್ತವೆ, ಕಾಲಡಿ ನೀರು, ಬಾಳೆಎಲೆ, ತುಳಿದ ಹೂವು. ಕನಕಾಂಬರ ಕಟ್ಟುತ್ತ ಪಕ್ಕದವಳ ಮಾತಿಗೆ ಬಾಯ್ತುಂಬ ನಗುತ್ತಿರುವ ಅಜ್ಜಿಯ ಹತ್ತಿರ ಹೋಗಿ ‘ಅಮ್ಮಾ, ಒಂದು ಫೋಟೊ ತೆಗೀಲಾ?’ ಅಂದರೆ ಆಕೆ ಖಂಡಿತ ಒಪ್ಪುತ್ತಾಳೆ. ಸೆರಗು ಸರಿಮಾಡಿಕೊಂಡು, ದಾರ ಕೆಳಗಿಟ್ಟು, ಬಾಯಿ ಬಿಗಿಹಿಡಿದು ನೆಟ್ಟಗೆ ಕೂರುತ್ತಾಳೆ. ಅದೂ ಆಕೆಯದೇ ಚಿತ್ರ, ಸುಳ್ಳಲ್ಲ. ಆದರೆ ನಾನು ಕಂಡ ನಗು, ಬೆರಳು, ಆ ಮಾತು ಅಷ್ಟರಲ್ಲಿ ಹೋಗಿಬಿಟ್ಟಿರುತ್ತವೆ.

ಮಾರ್ಕೆಟ್ಟಿನ ಮೇಲಿನ ಮೊಗಸಾಲೆಯಿಂದ ತೆಗೆದ ಹೂವಿನ ರಾಶಿಗಳ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಬಣ್ಣ ಬಹಳ ಚೆಂದ. ನನಗದು ಒಗ್ಗುವುದಿಲ್ಲ. ಅಲ್ಲಿಂದ ತೆಗೆದವನನ್ನು ಕೆಳಗಿನವರು ಯಾರೂ ಬೈಯಲಾರರು. ಉದ್ದನೆಯ ಜೂಮ್ ಲೆನ್ಸೂ ಹಾಗೆಯೇ. ನನ್ನದು 35 ಎಂಎಂ ಲೆನ್ಸ್, ದೂರದ್ದನ್ನು ಹತ್ತಿರಕ್ಕೆ ತರುವುದಿಲ್ಲ, ನಾನೇ ಹತ್ತಿರ ಹೋಗಬೇಕು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಕಿರಿದಾಗಿ ಎಫ್ 8ಕ್ಕಿಟ್ಟು, ಫೋಕಸ್ಸನ್ನು ಮೂರು ಮೀಟರಿಗೆ ನಿಲ್ಲಿಸಿಬಿಡುತ್ತೇನೆ. ಆಗ ಸುಮಾರು 2ರಿಂದ 7 ಮೀಟರಿನೊಳಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಫೋಕಸ್ ಹುಡುಕುತ್ತ ಕ್ಷಣ ಕಳೆದುಕೊಳ್ಳಬೇಕಿಲ್ಲ. ಮೂರು ಮೀಟರ್ ಎಂದರೆ ‘ಏಯ್, ಯಾಕ್ ತೆಗೀತೀಯಾ?’ ಎಂದು ದನಿ ಏರಿಸದೆಯೇ ಕೇಳಬಹುದಾದ ದೂರ. ಕೈ ಬೀಸಿ ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಯುತ್ತದೆ. ತೆಗೆದಾಗಿದ್ದರೆ ಅವರೆದುರಿಗೇ ಅಳಿಸುತ್ತೇನೆ.

ಬೇಡ ಅನ್ನಲಾಗದವರೂ ಇದ್ದಾರೆ. ಫುಟ್‌ಪಾತಿನಲ್ಲಿ ಮಲಗಿದವರು, ಕುಡಿದು ಮೈಮೇಲೆ ಎಚ್ಚರವಿಲ್ಲದವರು. ಅವರ ಚಿತ್ರ ನಾನು ತೆಗೆಯುವುದೇ ಇಲ್ಲ. ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ. ಅದರ ಗೇಟು ದಾಟುವಾಗ ಕ್ಯಾಮೆರಾ ಚೀಲದೊಳಗೆ ಹೋಗುತ್ತದೆ. ಅಳುವ ಮುಖ ‘ಒಳ್ಳೆಯ ಫೋಟೊ’ ಆಗುತ್ತದೆ ಎಂಬ ನಂಬಿಕೆ ಹೊಸಬರಲ್ಲಿ ಬಲವಾಗಿದೆ, ನನಗದು ನೋವು ತರುತ್ತದೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ಸಾಮಾನ್ಯರನ್ನು, ಮಕ್ಕಳನ್ನು ತೆಗೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತು. ಆ ಚಿತ್ರಗಳಲ್ಲಿ ಬಡತನ ಇದೆ, ಅಯ್ಯೋ ಪಾಪ ಎನ್ನಿಸುವುದಿಲ್ಲ. ಚಿತ್ರದಲ್ಲಿರುವವರು ನಮ್ಮ ಕನಿಕರಕ್ಕಾಗಿ ಅಲ್ಲಿ ನಿಂತಿಲ್ಲ.

ಕಾನೂನು ಏನನ್ನುತ್ತದೆ ಎಂದೂ ಕೆಲವರು ಕೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ತೀರ್ಪು ದೊಡ್ಡದು. ಆದರೆ ಬೆಳಗಿನ ಐದು ಗಂಟೆಗೆ ಹೂವಿನ ಮೂಟೆಯ ಮುಂದೆ ನಿಂತಾಗ ಏನು ಮಾಡಬೇಕೆಂಬುದನ್ನು ನಾನೇ ತೀರ್ಮಾನಿಸಬೇಕು.

ತೀರ್ಮಾನಿಸಲು ನನಗೆ ನೆರವಾದದ್ದು ಇಬ್ಬರು ಹಳಬರ ಕಥೆ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿಟ್ಟು ಎದುರು ಕೂತವರ ಮುಖ ತೆಗೆದ. ಅಡಗಿಸಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ.

ಇನ್ನೊಬ್ಬಾಕೆ ಡೊರೊಥಿಯಾ ಲ್ಯಾಂಗ್. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಮಕ್ಕಳು ಹೆಗಲಿಗೆ ಮುಖ ಮರೆಸಿಕೊಂಡ ತಾಯಿಯೊಬ್ಬಳ ಚಿತ್ರ ತೆಗೆದಳು. ಆ ಮುಖವನ್ನು ಜಗತ್ತೇ ಕಂಡಿದೆ. ಲ್ಯಾಂಗ್ ಕದ್ದು ತೆಗೆಯಲಿಲ್ಲ, ಎದುರಿಗೇ ನಿಂತು ತೆಗೆದಳು. ಹೆಸರು ಮಾತ್ರ ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಕೆ ನೊಂದುಕೊಂಡಳು. ಒಂದು ಚಿತ್ರದೊಳಗೆ ನಲವತ್ತೆರಡು ವರ್ಷ ಹೆಸರಿಲ್ಲದೆ ಇರುವುದು ಹೇಗಿರುತ್ತದೆ ಎಂದು ಆಗಾಗ ಯೋಚಿಸುತ್ತೇನೆ.

ಅದಕ್ಕೇ ನಾನು ವಾಪಸ್ ಹೋಗುತ್ತೇನೆ. ವಾರ, ಹತ್ತು ದಿನದ ಮೇಲೆ 4×6 ಇಂಚಿನ ಪ್ರಿಂಟ್ ಹಾಕಿಸಿಕೊಂಡು ಅದೇ ಹೊತ್ತಿಗೆ ಅದೇ ಜಾಗಕ್ಕೆ. ಪ್ರಿಂಟ್ ಕೈಗಿಟ್ಟು ಹೆಸರು, ಊರು ಕೇಳಿ, ‘ಇದನ್ನ ನಾಲ್ಕು ಜನಕ್ಕೆ ತೋರಿಸಬಹುದಾ?’ ಅನ್ನುತ್ತೇನೆ. ಸಿಗದಿದ್ದರೆ ಚಿತ್ರ ಕಾಯುತ್ತದೆ. ಕನಕಾಂಬರದ ಅಜ್ಜಿ ಪ್ರಿಂಟನ್ನು ದೀಪದ ಬೆಳಕಿಗೆ ಹಿಡಿದು, ‘ಏನಪ್ಪಾ, ನನ್ನ ಓಲೇನೇ ಕಾಣಲ್ವಲ್ಲ’ ಅಂದಳು. ಆಮೇಲೆ ಓಲೆ ಕಾಣುವಂತೆ ನೆಟ್ಟಗೆ ಕೂತು ಇನ್ನೊಂದು ತೆಗೆಸಿಕೊಂಡಳು. ಅದನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ. ನಗುವ ಚಿತ್ರ ನನಗೆ, ಓಲೆಯ ಚಿತ್ರ ಆಕೆಗೆ.

ಕೇಳಿದಾಗ ‘ಬೇಡ’ ಎಂಬ ಉತ್ತರವೂ ಬರುತ್ತದೆ. ಆರು ವರ್ಷದ ಹಿಂದೆ ರಾಯಚೂರು ಕಡೆಯ ಹಮಾಲಿಯೊಬ್ಬರ ಚಿತ್ರ ತೆಗೆದಿದ್ದೆ. ತಲೆಯ ಮೇಲೆ ಎರಡು ಮೂಟೆ, ಹಿಂದೆ ಲಾರಿಯ ಹೆಡ್‌ಲೈಟು, ಕುತ್ತಿಗೆಯ ನರವೆಲ್ಲ ಬಿಗಿದು, ಕಣ್ಣು ಮಾತ್ರ ಶಾಂತ. ಇಷ್ಟು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರ ಅದು. ಪ್ರಿಂಟ್ ತೆಗೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. ‘ಊರಾಗ ಎಲ್ಲಾರಿಗೂ ನಾ ಅಂಗಡ್ಯಾಗ ಲೆಕ್ಕಾ ಬರೀತೀನಿ ಅಂತ ಹೇಳೀನ್ರೀ. ಇದನ್ನ ಎಲ್ಲೂ ಹಾಕಬ್ಯಾಡ್ರಿ.’

ಹಾಕಿಲ್ಲ. ಒಂದು ಪ್ರದರ್ಶನಕ್ಕೆ ಚಿತ್ರ ಆರಿಸುವಾಗ ಸಂಘಟಕರು ಅದನ್ನೇ ಬಯಸಿದ್ದರು, ಕೊಡಲಿಲ್ಲ. ಆ ಹಮಾಲಿ ಈಗಲೂ ಸಿಗುತ್ತಾರೆ, ಜೊತೆಗೇ ಚಾ ಕುಡಿಯುತ್ತೇವೆ. ಹೋದ ವರ್ಷ ಮಗಳ ಮದುವೆಯಾಯಿತು ಎಂದು ಲಾಡು ಕೊಟ್ಟರು. ಜವಾಬ್ದಾರಿ ಒಂದು ಮುಗಿಯಿತಲ್ಲ, ಮನಸ್ಸು ಬದಲಾಗಿರಬಹುದೇ ಎಂದು ಆ ಚಿತ್ರದ ಮಾತೆತ್ತಿದೆ.

‘ಇಲ್ರೀ’ ಅಂದರು. ‘ಅಳಿಯಂಗೂ ಹಂಗ ಹೇಳೀನಿ.’