ಕಣ್ಣಿನ ಕೆಳಗಿನ ಪರ್ಮನೆಂಟ್ ಫಿಲ್ಲರ್: ಕೈ ಹಾಕುವ ಮೊದಲು ಒಳಗಿರುವುದು ಏನೆಂದು ತಿಳಿಯಿರಿ

ಕಣ್ಣಿನ ಕೆಳಗೆ ಗಂಟಾಗಿದೆ, ಫಿಲ್ಲರ್ (ಗುಳಿ ತುಂಬಲು ಚರ್ಮದಡಿ ಚುಚ್ಚುವ ವಸ್ತು) ಕರಗಿಸಿಕೊಡಿ ಎಂದು ಬಂದವರಿಗೆ ಮೊದಲ ದಿನವೇ ಹಯಾಲುರಾನಿಡೇಸ್ ಎಂಬ ಕರಗಿಸುವ ಕಿಣ್ವ ಚುಚ್ಚಬೇಡಿ. ಅದು ಒಡೆಯುವುದು ತಾತ್ಕಾಲಿಕ ಫಿಲ್ಲರ್‌ಗಳಲ್ಲಿರುವ ಹಯಾಲುರಾನಿಕ್ ಆಮ್ಲವನ್ನು ಮಾತ್ರ. ಪಿಎಂಎಂಎ (ಪ್ಲಾಸ್ಟಿಕ್‌ನ ಸೂಕ್ಷ್ಮ ಮಣಿಗಳು), ದ್ರವ ಸಿಲಿಕೋನ್, ಪಾಲಿಅಕ್ರಿಲಮೈಡ್ ಜೆಲ್ ಪರ್ಮನೆಂಟ್ ಫಿಲ್ಲರ್‌ಗಳು; ಇವ್ಯಾವುದನ್ನೂ ಕರಗಿಸುವ ಔಷಧಿ ಇಲ್ಲ. ಒಂದೇ ಜಾಗಕ್ಕೆ ಬೇರೆಬೇರೆ ಕ್ಲಿನಿಕ್‌ಗಳಲ್ಲಿ ಎರಡು ಮೂರು ಬಗೆಯ ಫಿಲ್ಲರ್ ಹಾಕಿಸಿಕೊಂಡವರೂ ಇರುತ್ತಾರೆ. ಅಂಥವರಲ್ಲಿ ಬಾವು ಸ್ವಲ್ಪ ಇಳಿದರೆ ಎಲ್ಲವೂ ಹಯಾಲುರಾನಿಕ್ ಎಂದುಕೊಂಡು ಡೋಸ್ ಏರಿಸುತ್ತಾ ಹೋಗುವುದು ನಾವು ಮತ್ತೆ ಮತ್ತೆ ಕಾಣುವ ತಪ್ಪು.

ಹಾಕಿದ ಕ್ಲಿನಿಕ್‌ನಿಂದ ಪ್ಯಾಕ್ ಮೇಲಿನ ಸ್ಟಿಕ್ಕರ್, ಬ್ಯಾಚ್ ನಂಬರ್ ತರಿಸಿ. ಸಿಗದಿದ್ದರೆ 15 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಪ್ರೋಬ್‌ನಲ್ಲಿ ಅಲ್ಟ್ರಾಸೌಂಡ್ ಮಾಡಿಸಿ. ಸಿಲಿಕೋನ್ ಹಿಮ ಬಿದ್ದ ಹಾಗೆ ಬೆಳ್ಳಗೆ ಕಂಡು ಅದರ ಹಿಂದಿನದೆಲ್ಲ ಮಸುಕಾಗುತ್ತದೆ. ಪಿಎಂಎಂಎ ಸಣ್ಣ ಹೊಳೆಯುವ ಚುಕ್ಕಿಗಳು, ಹಿಂದೆ ಪುಟ್ಟ ಬಾಲ. ತೊಡಕಿರುವುದು ಪಾಲಿಅಕ್ರಿಲಮೈಡ್‌ನಲ್ಲಿ: ಹಯಾಲುರಾನಿಕ್ ಜೆಲ್‌ನಂತೆಯೇ ಕಪ್ಪು ಗುಳ್ಳೆಯಾಗಿ ಕಾಣುತ್ತದೆ. ಸ್ಕ್ಯಾನ್ ಮಾಡಿದ ಮೇಲೂ ಅನುಮಾನ ಉಳಿದರೆ ಆಗ ಹಯಾಲುರಾನಿಡೇಸ್ ಅನ್ನು ಪರೀಕ್ಷೆಗಾಗಿ ಒಮ್ಮೆ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ಹೋಲಿಸಬಹುದು.

ಈ ಜಾಗವೇ ಯಾಕೆ ಇಷ್ಟು ಕಷ್ಟ? ಕೆಳರೆಪ್ಪೆಯ ಚರ್ಮ ಸುಮಾರು ಅರ್ಧ ಮಿ.ಮೀ. ದಪ್ಪ. ಅದರ ಕೆಳಗೆ ಕೊಬ್ಬಿನ ಹಾಸು ಇಲ್ಲವೆನ್ನುವಷ್ಟು ಕಡಿಮೆ, ನೇರವಾಗಿ ಸ್ನಾಯು. ಕೆನ್ನೆಯಲ್ಲಿ ಯಾರ ಕಣ್ಣಿಗೂ ಬೀಳದ ಗಂಟು ಇಲ್ಲಿ ಎದ್ದು ಕಾಣುತ್ತದೆ. ಪಿಎಂಎಂಎ ಮಣಿಗಳು 30–50 ಮೈಕ್ರಾನ್ ಇರುವುದರಿಂದ ಬಿಳಿರಕ್ತಕಣಗಳು ಅವನ್ನು ನುಂಗಲಾರವು. ಜೊತೆಗೆ ಬಂದ ಕೊಲಾಜೆನ್ ಕೆಲವು ತಿಂಗಳಲ್ಲಿ ಕರಗಿ, ದೇಹವೇ ಪ್ರತಿ ಮಣಿಯ ಸುತ್ತ ನಾರು ಕಟ್ಟುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಎಂಎಂಎಗೆ 2006ರಲ್ಲಿ ಅನುಮತಿ ಕೊಟ್ಟದ್ದು ಮೂಗಿನಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಗಳಿಗೆ, 2014ರಲ್ಲಿ ಕೆನ್ನೆಯ ಮೊಡವೆ ಕಲೆಗಳಿಗೆ. ಕಣ್ಣಿನ ಕೆಳಗಿನ ಗುಳಿಗಲ್ಲ. ದ್ರವ ಸಿಲಿಕೋನ್‌ಗಂತೂ ಸೌಂದರ್ಯಕ್ಕಾಗಿ ಚುಚ್ಚಲು ಅದು ಅನುಮತಿಯನ್ನೇ ಕೊಟ್ಟಿಲ್ಲ.

ಕೆಂಪು, ಬಿಸಿ, ನೋವು ಇದ್ದರೆ ಸೋಂಕೆಂದೇ ಹಿಡಿದು ನಡೆಯಿರಿ, ವರ್ಷಗಳ ನಂತರ ಬಂದಿದ್ದರೂ ಸರಿ. ಜೆಲ್‌ನ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡು ಸುಮ್ಮನಿದ್ದು, ಒಂದು ಹಲ್ಲಿನ ಚಿಕಿತ್ಸೆಯ ನಂತರವೂ ಕೆರಳಬಹುದು. ಸಾಮಾನ್ಯವಾಗಿ ಕೊಡುವುದು ಎರಡು ಆಂಟಿಬಯೋಟಿಕ್: ಕ್ಲಾರಿತ್ರೋಮೈಸಿನ್ 500 ಮಿ.ಗ್ರಾಂ ದಿನಕ್ಕೆರಡು ಬಾರಿ, ಮಾಕ್ಸಿಫ್ಲಾಕ್ಸಾಸಿನ್ 400 ಮಿ.ಗ್ರಾಂ ದಿನಕ್ಕೊಮ್ಮೆ. ಇವೆರಡೂ ಹೃದಯದ ಕ್ಯೂಟಿ ಅಂತರ (ಇಸಿಜಿಯಲ್ಲಿ ಕಾಣುವ ಒಂದು ಅವಧಿ; ಹೆಚ್ಚಾದರೆ ಬಡಿತ ಏರುಪೇರಾಗಬಹುದು) ಹೆಚ್ಚಿಸುತ್ತವೆ, ಇಸಿಜಿ ನೋಡದೆ ಜೊತೆಯಾಗಿ ಬರೆಯಬೇಡಿ. ಕೀವು ಸಿಕ್ಕರೆ ಕಲ್ಚರ್‌ಗೆ ಕಳಿಸುವಾಗ ಸಾಮಾನ್ಯ ಬ್ಯಾಕ್ಟೀರಿಯಾಗಳಿಗಿಂತ ನಿಧಾನವಾಗಿ ಬೆಳೆಯುವ ಮೈಕೋಬ್ಯಾಕ್ಟೀರಿಯಾವನ್ನೂ ಹುಡುಕಲು ಲ್ಯಾಬ್‌ಗೆ ಬರೆದು ತಿಳಿಸಿ. ಮೊದಲೇ ಸ್ಟಿರಾಯ್ಡ್ ಕೊಟ್ಟರೆ ನಾಲ್ಕು ದಿನ ಬಾವು ಇಳಿದು, ಆಮೇಲೆ ಇಮ್ಮಡಿಯಾಗಿ ಮರಳುತ್ತದೆ.

ಸೋಂಕಿಲ್ಲದ ಗಟ್ಟಿ ಗ್ರಾನ್ಯುಲೋಮಾಗೆ (ಫಿಲ್ಲರ್ ಸುತ್ತ ದೇಹವೇ ಕಟ್ಟುವ ಉರಿಯೂತದ ಗಂಟು) ಗಂಟಿನೊಳಗೇ ಇಂಜೆಕ್ಷನ್. 50 ಮಿ.ಗ್ರಾಂ/ಮಿ.ಲೀ. 5-ಫ್ಲೋರೋಯುರಾಸಿಲ್ 0.9 ಮಿ.ಲೀ.ಗೆ 10 ಮಿ.ಗ್ರಾಂ/ಮಿ.ಲೀ. ಟ್ರಯಾಮ್ಸಿನೋಲೋನ್ (ಸ್ಟಿರಾಯ್ಡ್) 0.1 ಮಿ.ಲೀ. ಬೆರೆಸಿ, ಒಂದು ಗಂಟಿಗೆ 0.1 ಮಿ.ಲೀ. ಮೀರದಂತೆ, ಮೂರು-ನಾಲ್ಕು ವಾರಕ್ಕೊಮ್ಮೆ. ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಸಿರಿಂಜಿನ ಪ್ಲಂಜರ್ ಅನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ, ಬಾರದಿದ್ದರೂ ಒತ್ತಡವಿಲ್ಲದೆ ನಿಧಾನವಾಗಿ ತಳ್ಳಿ. ಟ್ರಯಾಮ್ಸಿನೋಲೋನ್ ಕಣಗಳು ರಕ್ತನಾಳದಲ್ಲಿ ಹಿಮ್ಮುಖವಾಗಿ ಸಾಗಿ ರೆಟಿನಾ ತಲುಪಿದರೆ ದೃಷ್ಟಿಯೇ ಹೋಗಬಹುದು. ಡೋಸ್ ಹೆಚ್ಚಾದರೆ ಚರ್ಮ ತೆಳುವಾಗಿ ಕುಳಿ ಬೀಳುತ್ತದೆ, ಆಗ ಅಡಗಿದ್ದ ಫಿಲ್ಲರ್ ಇನ್ನಷ್ಟು ಹೊರಗೆ ಕಾಣುತ್ತದೆ.

ಶಸ್ತ್ರಚಿಕಿತ್ಸೆ ಸೋಂಕು ಪೂರ್ತಿ ಶಾಂತವಾದ ಮೇಲೆ. ಒಂದೆಡೆ ನಿಂತ ಪಾಲಿಅಕ್ರಿಲಮೈಡ್ ಆದರೆ ದಪ್ಪ ಸೂಜಿಯಿಂದ ಎಳೆದು, ಸಣ್ಣ ಕೊಯ್ತದಿಂದ ಹಿಂಡಿ ತೆಗೆಯಬಹುದು. ಪಿಎಂಎಂಎ, ಸಿಲಿಕೋನ್ ಸ್ನಾಯುವಿನ ಎಳೆಗಳೊಳಗೇ ಹೆಣೆದುಕೊಂಡಿರುತ್ತವೆ. ಆಳದಲ್ಲಿದ್ದರೆ ರೆಪ್ಪೆಯ ಒಳಭಾಗದಿಂದ, ಮೇಲ್ಪದರದಲ್ಲಿದ್ದರೆ ರೆಪ್ಪೆಗೂದಲ ಕೆಳಗಿನಿಂದ ಹೋಗಬೇಕು. ಇಲ್ಲಿ ಆಸೆ ಕಡಿಮೆಯಿರಲಿ: ಉಬ್ಬು ಇಳಿಯುವಷ್ಟು ತೆಗೆದರೆ ಸಾಕು. ಕೊನೆಯ ಮಣಿಯನ್ನೂ ಬಿಡೆನೆಂದು ಕೆರೆಯುತ್ತಾ ಹೋದರೆ ರೆಪ್ಪೆ ಕೆಳಕ್ಕೆ ಜಗ್ಗಿ ಕಣ್ಣು ಮುಚ್ಚದಂತಾಗುತ್ತದೆ, ಕಣ್ಣುಗುಡ್ಡೆಯನ್ನು ತಿರುಗಿಸುವ ಇನ್ಫೀರಿಯರ್ ಆಬ್ಲಿಕ್ ಸ್ನಾಯುವಿಗೆ ಪೆಟ್ಟಾದರೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ, ಕೆನ್ನೆ ಮರಗಟ್ಟುತ್ತದೆ. ರೆಪ್ಪೆ ಮೊದಲೇ ಸಡಿಲವಿದ್ದರೆ ಅದೇ ಸಿಟ್ಟಿಂಗ್‌ನಲ್ಲಿ ಹೊರಮೂಲೆಯನ್ನು ಬಿಗಿಮಾಡಿ. ಸ್ವಲ್ಪ ಒಳಗೇ ಉಳಿಯುತ್ತದೆ, ಇನ್ನೊಮ್ಮೆ ಮಾಡಬೇಕಾಗಬಹುದು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಫೋಟೋಗಳನ್ನು ಪ್ರತಿ ಬಾರಿ ಒಂದೇ ಬೆಳಕಿನಲ್ಲಿ ತೆಗೆಯಿರಿ; ಮೇಲಿನಿಂದ ಬೀಳುವ ಬೆಳಕಿಗೆ ಇಲ್ಲದ ಉಬ್ಬೂ ಕಾಣುತ್ತದೆ.

ತೆಗೆದ ತುಣುಕು ಪೆಥಾಲಜಿಗೆ ಹೋಗಲೇಬೇಕು. ಒಂದೇ ಅಳತೆಯ ದುಂಡು ಖಾಲಿ ಜಾಗಗಳಿದ್ದರೆ ಪಿಎಂಎಂಎ, ಚಿಕ್ಕದೊಡ್ಡ ತೂತುಗಳಿದ್ದರೆ ಸಿಲಿಕೋನ್. ವರದಿ ಬಂದ ಮೇಲೆ ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸುವ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ಫಾರ್ಮ್ ತುಂಬಿ ಕಳಿಸಿ. ಉತ್ಪನ್ನದ ಹೆಸರು ಗೊತ್ತಾಗದಿದ್ದರೂ ಪೆಥಾಲಜಿ ವರದಿ, ಸ್ಕ್ಯಾನ್ ಲಗತ್ತಿಸಿ.