ಎಂಟು ಹುಡುಗರು ನಡೆದೇ ಹೋದರು

ಒಂದು ಹೊಡೆತವೂ ಇಲ್ಲದೆ ಐದು ರನ್ ಬಿಟ್ಟುಕೊಟ್ಟ ಆ ಮೂರನೆಯ ಇನ್ನಿಂಗ್ಸ್ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಿಭಾಗ ಮಟ್ಟದ ಬೇಸ್‌ಬಾಲ್ ಪಂದ್ಯ, ಹದಿನೇಳು ವರ್ಷದೊಳಗಿನ ಹುಡುಗರು. ನಾವು ಆಗಲೇ ಆರು ರನ್ ಹೊಡೆದಿದ್ದೆವು. ಬೆಳಗಿನ ಪಂದ್ಯವನ್ನು ಪೂರ್ತಿ ಎಸೆದಿದ್ದ ಪಿಚರ್‌ನನ್ನೇ ಮಧ್ಯಾಹ್ನವೂ ಮೌಂಡ್, ಅಂದರೆ ಎಸೆಯುವ ದಿಬ್ಬ, ಹತ್ತಿಸಿದ್ದೆ. ಮೊದಲನೆಯವನಿಗೆ ನಾಲ್ಕು ಬಾಲ್, ಅಂದರೆ ಗುರಿ ತಪ್ಪಿದ ನಾಲ್ಕು ಎಸೆತ; ಅವನು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದ. ಎರಡನೆಯವನಿಗೂ ನಾಲ್ಕು ಬಾಲ್. ಮೂರನೆಯವನ ಹೊತ್ತಿಗೆ ಚೆಂಡು ಹೊಡೆಯುವವನ ಎದುರಿನ ಪ್ಲೇಟ್ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತಿತ್ತು. ಹುಡುಗ ನನ್ನತ್ತ ತಿರುಗಿ ನೋಡಿದ. ನಾನು ಚಪ್ಪಾಳೆ ತಟ್ಟಿ ‘ಹಾಕು, ಹಾಕು’ ಎಂದೆ. ಮೂರು ಬೇಸ್ ತುಂಬಿದ ಮೇಲೆ ನಡೆದ ಪ್ರತಿಯೊಬ್ಬನಿಂದಲೂ ಒಂದು ರನ್. ಆಟ ನಿಲ್ಲಿಸಲು ಟೈಮ್ ಕೇಳಿ ಅವನ ಬಳಿ ಹೋದದ್ದು ಎಂಟನೆಯವನೂ ನಡೆದು ಹೋದ ಮೇಲೆ.

‘ಭುಜ ಏಳುತ್ತಿಲ್ಲ ಸರ್’ ಎಂದ.

ಬದಲಿಗೆ ಕರೆಯಲು ಯಾರೂ ಇರಲಿಲ್ಲ. ತಂಡ ಕಟ್ಟಿದವನು ನಾನೇ. ಕೊಡಗಿನ ಹುಡುಗರ ಕೈಗೆ ಹಾಕಿ ಸ್ಟಿಕ್ ಚಿಕ್ಕಂದಿನಲ್ಲೇ ಬರುತ್ತದೆ. ಸೊಂಟ ತಿರುಗಿಸಿ ಬೀಸುವುದನ್ನು ನಾನು ಕಲಿಸಬೇಕಾಗಿಲ್ಲ. ಆಯ್ಕೆಯ ದಿನ ಚೆಂಡು ಬೇಲಿ ದಾಟಿ ಕಾಫಿ ತೋಟಕ್ಕೆ ಬೀಳುವುದನ್ನು ಕಂಡು ನಾನು ಮರುಳಾದೆ. ನಾಪೋಕ್ಲು ಕಡೆಯ ಒಬ್ಬ ಸಣಕಲು ಹುಡುಗ ಹತ್ತಕ್ಕೆ ಎಂಟು ಎಸೆತವನ್ನು ಗ್ಲೌಸ್‌ನ ನೇರಕ್ಕೇ ಹಾಕಿದ್ದ. ಬ್ಯಾಟ್‌ಗೆ ಚೆಂಡು ತಾಗಿಸಲಿಲ್ಲ ಎಂದು ಅವನನ್ನು ಕೈಬಿಟ್ಟೆ. ಪಟ್ಟಿ ಸಹಿಯಾಗಿ ಹೋದ ಮೇಲೆ ತಿದ್ದುವಂತಿಲ್ಲ.

ಮಳೆಯೂ ನನ್ನ ಕಣ್ಣು ಕಟ್ಟಿತ್ತು. ಜೂನ್‌ನಿಂದ ಮೈದಾನ ಕೆಸರು. ನಲವತ್ತು ಅಡಿಯ ಸಭಾಂಗಣದಲ್ಲಿ ಬಲೆ ಕಟ್ಟಿ ಹೊಡೆಯುವುದನ್ನು ಅಭ್ಯಾಸ ಮಾಡಬಹುದು, ಆದರೆ ಪಿಚರ್ ಎಸೆಯಬೇಕಾದ ದೂರ 60 ಅಡಿ 6 ಅಂಗುಲ. ಮೂರು ತಿಂಗಳು ನಾವು ಮಾಡಿದ್ದು ಅರ್ಧ ಆಟ. ಎಸೆತ ಹಿಡಿಯುವ ಕ್ಯಾಚರ್‌ಗೆ ಇನ್ನೊಂದು ಗ್ಲೌಸ್ ಕೊಡಿಸಿ ಎಂದು ಆಡಳಿತ ಮಂಡಳಿಗೆ ಎರಡು ಬಾರಿ ಬರೆದೆ. ಬಂದದ್ದು ಎರಡು ಬ್ಯಾಟ್.

ಅದಕ್ಕಿಂತ ದೊಡ್ಡ ತಪ್ಪು, ನಾನು ಎಸೆತಗಳನ್ನು ಎಣಿಸಲೇ ಇಲ್ಲ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2007ರಲ್ಲೇ ಎಸೆತಗಳಿಗೆ ಮಿತಿ ಹಾಕಿತು. 13ರಿಂದ 16 ವರ್ಷದವರಿಗೆ ದಿನಕ್ಕೆ 95. ಅದನ್ನು ನಾನು ಓದಿದ್ದು ಆ ಹುಡುಗನನ್ನು ವೈದ್ಯರ ಬಳಿ ಕರೆದೊಯ್ದು ಬಂದ ರಾತ್ರಿ. ಆರು ವಾರ ಚೆಂಡು ಮುಟ್ಟಬಾರದು ಎಂದಿದ್ದರು.

ಈ ಸಲ ಆಯ್ಕೆಯ ಮೊದಲ ಗಂಟೆಯಲ್ಲಿ ಯಾರ ಕೈಗೂ ಬ್ಯಾಟ್ ಕೊಡುವುದಿಲ್ಲ. ಶಾಲೆಯ ಉದ್ದನೆಯ ಜಗಲಿಯಲ್ಲಿ ದೂರ ಅಳೆದು ಬಣ್ಣದ ಗೆರೆ ಎಳೆದಿದ್ದೇನೆ. ನಾಪೋಕ್ಲುವಿನ ಹುಡುಗ ದಿನವೂ ಅಲ್ಲಿ ಎಸೆಯುತ್ತಾನೆ. ಭುಜ ನೋಯಿಸಿಕೊಂಡವನು ಪಕ್ಕದಲ್ಲಿ ಕುಳಿತು ಎಣಿಕೆ ಬರೆಯುತ್ತಾನೆ.