ಮೈಸೂರಿಗೆ ಹೋಗೋದಾ, ಬೇಡ್ವಾ?

ಬನಶಂಕರಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಬಾಡಿಗೆ 19,000. ಮಗಳ ತೊಟ್ಟಿಲು ಕಟ್ಟಿದ ಮೇಲೆ ಬೀರುವಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಸೀರೆ ಬೇಕೆಂದರೆ ಮೊದಲು ತೊಟ್ಟಿಲು ಬಿಚ್ಚಬೇಕು!

ಕಳೆದ ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ ನೋಡಿದೆವು. ಎರಡು ಕೋಣೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಬಾಡಿಗೆ 14,000. ನನಗಂತೂ ಅಲ್ಲೇ ಹಾಲು ಉಕ್ಕಿಸಿಬಿಡೋಣ ಅನ್ನಿಸಿತು. ಹುಣಸೂರಿನ ಅಮ್ಮ ಬಸ್ಸು ಹತ್ತಿದರೆ ಒಂದು ಗಂಟೆಯಲ್ಲಿ ಬಂದು ಮಗಳನ್ನು ನೋಡಿಕೊಳ್ಳುತ್ತಾರೆ.

ಆದರೆ ಇವರಿಗೆ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸು. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಮೈಸೂರು ಹತ್ತಿರವಾಯಿತು, ನಿಜ. ಟೋಲು, ಪೆಟ್ರೋಲು ಯಾರಪ್ಪ ಕೊಡುತ್ತಾರೆ? ರೈಲು ಅಗ್ಗ, ಆದರೆ ಕೋಳಿ ಕೂಗೋ ಮೊದಲೇ ಏಳಬೇಕು. ಏಳುವವರು ನಾನಲ್ಲ ಅಲ್ವಾ, ಅದಕ್ಕೇ ಸುಮ್ಮನಿದ್ದೇನೆ.

ಶುಕ್ರವಾರ ತಿಳಿಸುತ್ತೇವೆ ಅಂತ ಮಾಲೀಕರಿಗೆ ಹೇಳಿದ್ದೇವೆ.